ತೊಟ್ಟಿಲ ಹಗ್ಗ

ನಮ್ಮ ಮನೆಯ ರತ್ನಗಂಬಳಿ ಮಗ್ಗಕ್ಕೆ ಮೂವರು ಕೂರುತ್ತೇವೆ. ಅಮ್ಮ, ಅತ್ತಿಗೆ ಮರಾಲ್, ನಾನು. ಅಣ್ಣ ಇರಾನಿನ ಇಟ್ಟಿಗೆ ಗೂಡಿನಲ್ಲಿದ್ದಾನೆ. ಅತ್ತಿಗೆಯ ಕಾಲಿನ ಹೆಬ್ಬೆರಳಿಗೆ ತೊಟ್ಟಿಲಿನ ಹಗ್ಗ. ಕೈ ಉಣ್ಣೆಯ ಗಂಟು ಹಾಕುತ್ತಿದ್ದರೆ ಕಾಲು ಕೂಸನ್ನು ತೂಗುತ್ತಿರುತ್ತದೆ. ಬೆನ್ನುನೋವಿಗೆಂದು ಬೆಳಗಿನ ಚಹಾದ ಜೊತೆ ಅವಳು ಕಡಲೆಕಾಳಿನಷ್ಟು ಅಫೀಮು ನುಂಗುತ್ತಿದ್ದಳು. ಅಂದ್‌ಖೋಯ್ ಊರಿನ ನಮ್ಮ ಬೀದಿಯಲ್ಲಿ ಅದನ್ನು ಯಾರೂ ಚಟವೆನ್ನುವುದಿಲ್ಲ.

ಅವಳ ಮೊದಲ ಮಗ ತೊಟ್ಟಿಲಲ್ಲೇ ಹೋದ. ಅಳದಿರಲೆಂದು ತುಟಿಗೆ ಸವರಿದ ಅಫೀಮು ಹೆಚ್ಚಾಗಿತ್ತು. ಅವಳು ಮಂಪರಿನಲ್ಲೇ ಹಗ್ಗ ಎಳೆಯುತ್ತಿದ್ದಳು, ಉಸಿರು ನಿಂತದ್ದು ತಿಳಿಯಲಿಲ್ಲ.

"ಇವಳಿಗೆ ಸವರಲ್ಲ. ನಾನೂ ತಿನ್ನಲ್ಲ. ಎಚ್ಚರವಾಗಿರ್ತೀನಿ," ಎಂದು ಈಗಿನ ಹೆಣ್ಣು ಕೂಸನ್ನು ಎತ್ತಿಕೊಂಡು ಮರಾಲ್ ಒಂದು ಬೆಳಿಗ್ಗೆ ಹೇಳಿದಳು.

ಮರುದಿನವೇ ಅವಳ ಕಣ್ಣು ಮೂಗು ಸುರಿಯತೊಡಗಿದವು. ಮೈಯೆಲ್ಲ ನಡುಕ. ಕಾಲು ತಾನಾಗಿ ಒದ್ದುಕೊಂಡರೆ ತೊಟ್ಟಿಲು ಗೋಡೆಗೆ ಬಡಿಯುತ್ತಿತ್ತು.

"ಏನೇ ಸೊಸೆ, ಕೂಸನ್ನ ಕುದುರೆ ಪಂದ್ಯಕ್ಕೆ ಕಳಿಸ್ತೀಯಾ?" ಎಂದು ಅಮ್ಮ ಚುಚ್ಚಿದಳು.

"ಗೆದ್ದರೆ ನಿಮಗೇ ಹೆಸರು, ಅತ್ತೆ," ಎಂದಳು ಮರಾಲ್, ಹಲ್ಲು ಕಚ್ಚಿಕೊಂಡು.

ಆಮೇಲೆ ಕೂಸು ಶುರುಮಾಡಿತು. ಹಾಲು ಮುಟ್ಟದು. ಮಂಡಿ ಹೊಟ್ಟೆಗೆ ಮಡಚಿಕೊಂಡು ಚೀರುವುದು, ಬಟ್ಟೆ ತುಂಬ ನೀರಾಗಿ ಭೇದಿ. ದೃಷ್ಟಿಯಾಗಿದೆ ಎಂದು ಅಮ್ಮ ಇಸ್ಪಂದ್ ಬೀಜದ ಹೊಗೆ ಹಾಕಿದಳು. ಡಾಕ್ಟರ ಹತ್ತಿರ ಹೋಗೋಣ ಎಂದೆ.

"ಗಂಡಸರಿಲ್ಲದೆ ಅಷ್ಟು ದೂರನಾ? ನಿನ್ನ ಮಾವ ಸಂತೆಯಿಂದ ಬರಲಿ," ಎಂದಳು ಅಮ್ಮ.

ಸೋದರಮಾವ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಳು ದಾರದಷ್ಟು ತೆಳ್ಳಗಾಯಿತು. ಮರಾಲ್ ಆಕಳಿಸಿದಳು. ತೊಡೆಯ ಮೇಲಿದ್ದ ಕೂಸೂ ಆಕಳಿಸಿತು, ಸೀನಿತು. ಅದರ ತೋಳಿನ ಮೇಲೆ ಸಣ್ಣ ನವಿರು ಎದ್ದಿತ್ತು. ಮರಾಲ್ ತನ್ನ ತೋಳು ನೋಡಿಕೊಂಡಳು, ಮತ್ತೆ ಅದರದು.

"ನೋಡೇ, ನನ್ನ ಹಾಗೇ ಆಗ್ತಿದೆ. ನಾನು ಸವರಲೇ ಇಲ್ಲವಲ್ಲೇ," ಎಂದಳು. ತನ್ನ ಎದೆ ಮುಟ್ಟಿಕೊಂಡು, "ಹಾಲು. ಹಾಲಲ್ಲೇ ಹೋಗ್ತಿತ್ತು," ಎಂದಳು.

ಅವಳು ಎದ್ದು ಅಫೀಮಿನ ಡಬ್ಬಿ ತೆಗೆದು, ಚೂರು ನುಂಗಿ, ಗೋಡೆಗೊರಗಿ ಕಾದಳು. ಆಮೇಲೆ ಎದೆಗೆ ಹಿಡಿದಳು. ಬಹಳ ಹೊತ್ತಿಗೆ ಕೂಸು ಚೀಪಿತು. ನಿದ್ದೆ ಹೋಯಿತು.

"ಕಂಡ್ಯಾ, ದೃಷ್ಟಿ ಇಳೀತು!" ಎಂದಳು ಅಮ್ಮ.

ಮರಾಲ್ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು. ತನ್ನ ಹೆಬ್ಬೆರಳಿಗೆ ಕಟ್ಟುತ್ತಿದ್ದ ಹಗ್ಗವನ್ನು ನನ್ನ ಕಾಲಿಗೆ ಕಟ್ಟಿದಳು.

"ನನಗೆ ಕಣ್ಣು ಎಳೀತಿದೆ. ನೀನು ಎಚ್ಚರವಾಗಿರು. ಉಸಿರು ನೋಡ್ತಿರು."

ನಾನು ಗಂಟು ಹಾಕುವುದು ಬಿಟ್ಟು ಆ ಪುಟ್ಟ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಅಮ್ಮ ಬೈಯಲಿಲ್ಲ.