ಒಂದು ಗೇಣಿನ ವ್ಯತ್ಯಾಸ

ಉಪಕರಣಗಳ ಕೋಣೆಯ ಕಿಟಕಿಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರ ತುಂಬ ರಬ್ಬರುಗಳು. ಬಿಳಿಯವು, ಹಸಿರಿನವು, ಅರ್ಧ ಸವೆದವು, ಹಲ್ಲಿನ ಗುರುತು ಬಿದ್ದವು. ಸಿವಿಲ್ ಎಂಜಿನಿಯರಿಂಗ್ ಸೇರಿದ ಮಕ್ಕಳು ಮೊದಲ ದಿನ ಅಲ್ಲಿಗೆ ಬಂದಾಗ ಆ ಕೋಣೆ ನೋಡಿಕೊಳ್ಳುವ ಹಿರಿಯರು ಬಾಗಿಲಲ್ಲೇ ಕೈ ಚಾಚುತ್ತಿದ್ದರು. ಅವರನ್ನು ಇಡೀ ಕಾಲೇಜು ದೊಡ್ಡಪ್ಪ ಎಂದೇ ಕರೆಯುತ್ತಿತ್ತು.

"ರಬ್ಬರ್ ಡಬ್ಬಿಗೆ ಹಾಕಿ ಒಳಗೆ ಬನ್ನಿ. ಅಳತೆ ಪುಸ್ತಕದಲ್ಲಿ ಅಳಿಸೋ ಹಾಗಿಲ್ಲ. ತಪ್ಪಾದ್ರೆ ಒಂದೇ ಒಂದು ಗೀಟು ಎಳೀರಿ, ಕೆಳಗಿರೋ ಅಂಕಿ ಕಾಣೋ ಹಾಗೆ. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕಿ."

"ನೋಡೋಕೆ ಗಲೀಜಾಗಿರುತ್ತಲ್ಲ ದೊಡ್ಡಪ್ಪ?" ಎಂದು ಸಾಲಿನ ಕೊನೆಯಿಂದ ಒಂದು ಸಣ್ಣ ದನಿ ಕೇಳಿತು.

"ನಾವು ಹೇಗಿದ್ರೂ ದೇವರು ನೋಡ್ತಾನೆ ತಾನೆ? ಪರೀಕ್ಷೆಯೋರೂ ನೋಡ್ಲಿ ಬಿಡಮ್ಮ."

ಎಲ್ಲರೂ ನಕ್ಕರು. ಆ ದನಿಯ ಹುಡುಗಿ ನಾಚಿ ಕೆಂಪಾದಳು. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಅವಳಿಗೆ ಅಂದಿನಿಂದ ಪೆನ್ಸಿಲ್ ಎಂದೇ ಹೆಸರಾಯಿತು. ಆ ಇಡೀ ವರ್ಷ ಎಲ್ಲರೆದುರು ಅವಳು ಆಡಿದ ಮಾತು ಅದೊಂದೇ.

ಆದರೆ ನೆಲದೊಳಗೆ ಬೀಜ ಸುಮ್ಮನೆ ಮಲಗಿರುವುದಿಲ್ಲ. ಎರಡನೆಯ ವರ್ಷಕ್ಕೆ ಅವಳ ಲೆಕ್ಕ ನೋಡಿಕೊಂಡೇ ಉಳಿದವರು ತಮ್ಮ ಲೆಕ್ಕ ಒಪ್ಪಿಸುತ್ತಿದ್ದರು. ಮೂರನೆಯ ವರ್ಷ ಸರ್ವೇ ಕ್ಯಾಂಪ್ ಬಂದಾಗ ಅದರ ಹೊಣೆ ಹೊತ್ತಿದ್ದ ಮೇಡಂ ಆರು ಜನರ ತಂಡವೊಂದಕ್ಕೆ ಅವಳನ್ನೇ ನಾಯಕಿ ಮಾಡಿದರು. ಮಾತು ಬಾರದವಳಿಗೆ ಮಾತು ಬಂದಾಗ ಅದು ಕಟ್ಟೆಯೊಡೆದ ನೀರಿನಂತೆಯೇ ಬಂತು. ಮಟ್ಟ ಅಳೆಯುವ ಯಂತ್ರದಲ್ಲಿ ಅವಳೇ ನೋಡುವಳು, ಅವಳೇ ಬರೆಯುವಳು, ಅವಳೇ ಕೂಡುವಳು. ಉಳಿದವರು ಹೊರುವುದು, ಹಿಡಿಯುವುದು, ನಿಲ್ಲುವುದು.

ಅಳತೆಕೋಲು ಹಿಡಿಯುವ ಕೆಲಸ ಏಣಿಯದು. ಎಲ್ಲರಿಗಿಂತ ಒಂದು ತಲೆ ಎತ್ತರವಿದ್ದ ಗೆಳೆಯನನ್ನು ಇನ್ನೇನೆಂದು ಕರೆದಾರು! ಮೊದಲ ದಿನವೇ ಪೆನ್ಸಿಲ್ ಅವನಿಗೆ ಹೇಳಿದ್ದಳು: "ನೋಡಪ್ಪಾ, ಕೋಲು ಹಿಡಿದವನು ಅಂದ್ರೆ ಕಂಬ ಇದ್ದ ಹಾಗೆ. ಕಂಬ ಮಾತಾಡಲ್ಲ."

"ಕಂಬಕ್ಕೆ ಹಸಿವಾದ್ರೆ?"

"ಕಂಬಕ್ಕೆ ಹಸಿವೂ ಆಗಲ್ಲ."

ಆ ಸಲದ ಕ್ಯಾಂಪು ಬರಿಯ ಅಭ್ಯಾಸಕ್ಕಲ್ಲ. ಗುಡ್ಡದ ಮೇಲೊಂದು ಝರಿ, ಹಳ್ಳದ ಆಚೆಗೆ ಹದಿನೆಂಟು ಮನೆ. ಝರಿಯ ನೀರನ್ನು ಪೈಪಿನಲ್ಲಿ ತಂದು ತೊಟ್ಟಿ ತುಂಬಿಸಬೇಕು. ಅಲ್ಲಿಗೆ ಕರೆಂಟಿಲ್ಲ, ಪಂಪು ನಡೆಯದು. ನೀರು ತಾನಾಗಿಯೇ ಹರಿದು ಬರಬೇಕು. ಅಷ್ಟುದ್ದದ ಪೈಪಿಗೆ ಝರಿಯು ತೊಟ್ಟಿಗಿಂತ ಮೂರು ಗೇಣಾದರೂ ಎತ್ತರದಲ್ಲಿರಬೇಕೆಂದು ಮೇಡಂ ಹೇಳಿದ್ದರು. ತೊಟ್ಟಿಗೆಂದು ಊರಿನವರು ಆರಿಸಿದ್ದ ಜಾಗ ಒಬ್ಬ ಅಜ್ಜಿಯ ಹಿತ್ತಲು. ಪೆನ್ಸಿಲ್ ತಂಡದ ಅಂಕಿ ನಂಬಿಕೊಂಡೇ ಮರುದಿನ ಬೆಳಿಗ್ಗೆ ಗುದ್ದಲಿ ಬೀಳಬೇಕಿತ್ತು.

ತುಂಬಿದ ಕೊಡ ಇಳಿಸಿ ಏದುಸಿರು ಬಿಡುತ್ತಾ ಅಜ್ಜಿ ಅಂದಳು: "ನಿಮ್ಮ ಕೋಲು ಏನಾದ್ರೂ ಹೇಳ್ಲಿ. ಝರಿಯಿಂದ ಇಲ್ಲಿಗೆ ಎಷ್ಟು ಅಂತ ನನ್ನ ಮೊಣಕಾಲಿಗೆ ಗೊತ್ತು."

ಝರಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಝರಿಗೆ ಅಳೆದುಕೊಂಡು ಬರುವುದು ಪದ್ಧತಿ. ಹೋಗುವಾಗಿನ ಲೆಕ್ಕವೂ ಬರುವಾಗಿನ ಲೆಕ್ಕವೂ ಹೊಂದಬೇಕು. ಹೋಗುವಾಗ ಹಳ್ಳದ ತಗ್ಗಿನಲ್ಲಿ ಏಣಿ ತುಂಡಿನೊಳಗೆ ತುಂಡು ಸೇರುವ ಆ ಕೋಲನ್ನು ಪೂರ್ತಿ ಎಳೆದು ನಿಲ್ಲಿಸಿದ್ದ. ಯಂತ್ರದ ಕಣ್ಣಿನಲ್ಲಿ ಅವನು ಒಂದು ಕೈ ಎತ್ತಿದ್ದು ಪೆನ್ಸಿಲ್‌ಗೆ ಕಂಡಿತು.

"ಅಲ್ಲಾಡಬೇಡ! ಕೈ ಇಳಿಸು!" ಎಂದು ಕೂಗಿ ಅಂಕಿ ಬರೆದುಕೊಂಡಳು. ಬಿಸಿಲು ಏರುತ್ತಿತ್ತು. ಬೇರೆ ತಂಡಗಳು ಆಗಲೇ ಮುಗಿಸಿದ್ದವು.

ಸಂಜೆ, ತಾವು ಇಳಿದುಕೊಂಡಿದ್ದ ಊರ ಶಾಲೆಯ ಜಗುಲಿಯಲ್ಲಿ ಒಬ್ಬಳೇ ಕುಳಿತು ಕೂಡಿದಳು. ಹೋಗುವಾಗಿನ ಲೆಕ್ಕದಲ್ಲಿ ಝರಿ ಮೂರು ಗೇಣು ಎತ್ತರ. ಬರುವಾಗಿನದರಲ್ಲಿ ಎರಡೇ ಗೇಣು. ಮತ್ತೆ ಕೂಡಿದಳು. ಆ ಒಂದು ಗೇಣು ಅಲ್ಲಿಯೇ ಇತ್ತು, ಎಬ್ಬಿಸಿದರೂ ಏಳದ ನೆಂಟನ ಹಾಗೆ.

ತಂಡವನ್ನು ಕರೆದು ಹೇಳಬಹುದಿತ್ತು. ಆದರೆ 'ಎಲ್ಲವನ್ನೂ ನೀನೇ ಮಾಡಿದೆಯಲ್ಲ' ಎಂದು ಯಾರಾದರೂ ಅಂದುಬಿಟ್ಟರೆ? ಹೇಗೂ ಮೂರು ಗೇಣೇ ನಿಜವಿರಬೇಕು, ಮರಳುವಾಗ ದಣಿದಿದ್ದೆವಲ್ಲ ಎಂದುಕೊಂಡಳು. ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಮರಳುವಾಗಿನ ಒಂದು ಅಂಕಿಯನ್ನು ಮೆಲ್ಲಗೆ ಕೆರೆದು, ಅದೇ ಜಾಗದಲ್ಲಿ ಇನ್ನೊಂದನ್ನು ಬರೆದಳು. ಲೆಕ್ಕ ಹೊಂದಿತು. ಮೇಡಂ ಪುಸ್ತಕ ನೋಡಿ, "ಇಷ್ಟು ಶುದ್ಧವಾದ ಪುಟ ನೋಡಿ ಎಷ್ಟು ವರ್ಷ ಆಯ್ತು!" ಎಂದು ಬೆನ್ನು ತಟ್ಟಿದರು. ಅವಳು ಊಟದ ತಟ್ಟೆಯನ್ನು ಅರ್ಧಕ್ಕೇ ಎತ್ತಿಟ್ಟಳು.

ಬೆಳಿಗ್ಗೆ ಊರಿನವರು ಗುದ್ದಲಿ ಹಿಡಿದು ಬಂದರು. ಅಜ್ಜಿಯ ಹಿತ್ತಲು ಬೋಳಾಗಿತ್ತು. ಅಲ್ಲಿದ್ದ ಸೌದೆಯ ರಾಶಿಯನ್ನು ಅವಳೊಬ್ಬಳೇ ಬೇಲಿಯಾಚೆಗೆ ಸಾಗಿಸಿ, ನೆಲ ಗುಡಿಸಿ, ನೀರು ಚಿಮುಕಿಸಿದ್ದಳು.

"ತೊಟ್ಟಿಗೆ ಜಾಗ ಮಾಡಿದೀನಿ ಮಗಳೇ. ನೀನು ಲೆಕ್ಕ ಹಾಕಿದೀಯ ಅಂದ್ರೆ ದೇವರೇ ಹಾಕಿದ ಹಾಗೆ."

ಆ ಮಾತಿಗೆ ಪೆನ್ಸಿಲ್ ಗುಡಿಸಿದ ನೆಲದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತ, ಉಪಕರಣಗಳ ಜೊತೆ ಕ್ಯಾಂಪಿಗೆ ಬಂದಿದ್ದ ದೊಡ್ಡಪ್ಪ ಎಂದಿನಂತೆ ಯಂತ್ರದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಿದ್ದರು. ಅವರು ಕಣ್ಣು ತೆರೆಯುವಷ್ಟರಲ್ಲಿ ಅವಳು ಎದುರಿಗಿದ್ದಳು.

"ದೊಡ್ಡಪ್ಪ, ಅಗೆಯೋದು ಬೇಡ ಅನ್ನಿ. ನಾನು ಅಂಕಿ ಕೆರೆದಿದೀನಿ."

ದೊಡ್ಡಪ್ಪ ಪುಸ್ತಕ ತೆಗೆದು ಪುಟವನ್ನು ಬಿಸಿಲಿಗೆ ಹಿಡಿದರು. ಕೆರೆದ ಜಾಗದಲ್ಲಿ ಕಾಗದ ತೆಳುವಾಗಿ, ಬೆಳಕು ಸೋರುತ್ತಿತ್ತು. "ನನಗಲ್ಲಮ್ಮ ಹೇಳಬೇಕಾದ್ದು," ಎಂದು ತಂಡದ ಕಡೆ ಕೈ ತೋರಿಸಿದರು.

ಹೇಳಿದಳು. ಮೇಡಂ ಎದುರಿಗೆ, ಊರಿನವರೆದುರಿಗೆ, ದನಿ ಮೊದಲ ವರ್ಷದಷ್ಟೇ ಸಣ್ಣದಾಗಿ. ಗುದ್ದಲಿಗಳು ಕೆಳಗಿಳಿದವು. ಮೊದಲು ಮಾತಾಡಿದ್ದು ಕಂಬ.

"ಹಳ್ಳದ ಹತ್ರ ಕೋಲಿನ ಮೇಲಿನ ತುಂಡು ಟಕ್ ಅಂತ ಕೂರಲಿಲ್ಲ," ಎಂದ ಏಣಿ. "ಒಂದು ಗೇಣು ಜಾರಿ ಕೆಳಗೆ ಬಂದಿತ್ತು, ನಿನಗೆ ಅಂಕಿ ಅಷ್ಟು ಜಾಸ್ತಿ ಕಂಡಿರುತ್ತೆ. ಅದಕ್ಕೇ ಕೈ ಎತ್ತಿದ್ದೆ."

"ಆಮೇಲಾದ್ರೂ ಹೇಳಬಾರದಿತ್ತಾ?"

"ಕಂಬ ಮಾತಾಡಲ್ಲ ಅಂದಿದ್ಯಲ್ಲ."

ಯಾರೋ ಕಿಸಕ್ಕನೆ ನಕ್ಕರು. ಪೆನ್ಸಿಲ್‌ಗೂ ಅಳುವಿನ ನಡುವೆ ನಗು ಬಂತು. ಅವಳು ಪುಸ್ತಕ ತೆಗೆದುಕೊಂಡು, ತಾನು ತಿದ್ದಿದ್ದ ಅಂಕಿಯ ಮೇಲೆ ಒಂದೇ ಗೀಟು ಎಳೆದಳು. ಪಕ್ಕದಲ್ಲಿ ಮೊದಲಿನದನ್ನು ಬರೆದು ಸಹಿ ಹಾಕಿದಳು. ಆಮೇಲೆ ಪುಸ್ತಕವನ್ನೂ ಪೆನ್ಸಿಲನ್ನೂ ಏಣಿಯ ಕೈಗಿತ್ತು, "ಯಂತ್ರ ನೀನು ನೋಡು. ಕೋಲು ನಾನು ಹಿಡೀತೀನಿ," ಎಂದಳು.

ಕೋಲಿನ ತುದಿಯಲ್ಲಿ ಲೋಕ ಬೇರೆಯೇ ಆಗಿತ್ತು. ಗಾಳಿ ಕೋಲನ್ನು ಎಳೆಯುತ್ತಿತ್ತು, ರಟ್ಟೆ ನೋಯುತ್ತಿತ್ತು. ದೂರದಲ್ಲಿ ಯಾರೋ ಏನೋ ನೋಡುತ್ತಿದ್ದಾರೆ, ಏನು ಕಂಡಿತೋ ತಿಳಿಯದು. ಸುಮ್ಮನೆ ನಿಲ್ಲಬೇಕು, ಪ್ರಾರ್ಥನೆಗೆ ನಿಂತ ಹಾಗೆ. ಹಳ್ಳದ ತಗ್ಗಿನಲ್ಲಿ ಕೋಲಿನ ಮೇಲಿನ ತುಂಡು ಎಳೆದಾಗ ಟಕ್ ಎಂಬ ಸಣ್ಣ ಸದ್ದಿಗಾಗಿ ಕಿವಿಗೊಟ್ಟಳು. ಮೊದಲ ಸಲ ಬರಲಿಲ್ಲ. ಕೈ ಎತ್ತಿದಳು. ಆಚೆಯಿಂದ ಏಣಿ ಕೂಗಿದ: "ನಿಧಾನ ಮಾಡು, ಕಾಯ್ತೀನಿ!"

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಹೊಂದಿತು. ಎರಡು ಗೇಣು. ಹಿತ್ತಲಿಗೆ ನೀರು ಹರಿಯದು. ತೊಟ್ಟಿ ನಲವತ್ತು ಹೆಜ್ಜೆ ಕೆಳಗೆ ಬರಬೇಕು. ಅದನ್ನು ಅಜ್ಜಿಗೆ ತಿಳಿಸಲು ಪೆನ್ಸಿಲ್ ತಾನೇ ಹೋದಳು.

ಅಜ್ಜಿ ಗುಡಿಸಿಟ್ಟ ನೆಲವನ್ನೊಮ್ಮೆ ನೋಡಿದಳು, ಬೇಲಿಯಾಚೆಯ ಸೌದೆಯನ್ನೊಮ್ಮೆ ನೋಡಿದಳು. "ನನ್ನ ಮೊಣಕಾಲು ಆಗಲೇ ಹೇಳಿತ್ತು," ಎಂದಳು. "ಹೋಗ್ಲಿ, ನಲವತ್ತು ಹೆಜ್ಜೆ ತಾನೆ? ಇಳಿಯೋಕೆ ಅದು ಒಪ್ಪುತ್ತೆ. ಹತ್ತೋವಾಗ ನಿನ್ನನ್ನ ಬೈಕೊಳ್ತೀನಿ. ಈಗ ಸೌದೆ ಯಾರು ವಾಪಸ್ ತರ್ತೀರಿ?"

ಆರು ಜನರೂ ತಂದರು.

ಮೇಡಂ ಆ ಕ್ಯಾಂಪಿಗೆ ಅವಳಿಗೆ ಕೊಟ್ಟ ಅಂಕ ತಂಡದಲ್ಲೇ ಕಡಿಮೆ. ನಾಯಕಿಯ ಪಟ್ಟ ಉಳಿಯಬೇಕೋ ಬೇಡವೋ ಎಂಬುದನ್ನು ತಂಡಕ್ಕೇ ಬಿಟ್ಟರು. ತಂಡ ಉಳಿಸಿಕೊಂಡಿತು, ಒಂದು ಷರತ್ತಿನ ಮೇಲೆ: ದಿನಕ್ಕೊಬ್ಬರು ಯಂತ್ರ ನೋಡಬೇಕು, ದಿನಕ್ಕೊಬ್ಬರು ಕಂಬವಾಗಬೇಕು.

ಪೈಪು ಹೂತು ಮುಗಿದ ದಿನ, ಕೊನೆಯ ವರ್ಷದ ಮೊದಲ ರಜೆಯಲ್ಲಿ, ಅವರೆಲ್ಲ ಮತ್ತೆ ಅಲ್ಲಿಗೆ ಹೋದರು. ಪೆನ್ಸಿಲ್ ಝರಿಯ ಬಳಿ ನಿಂತು ಪೈಪಿನ ವಾಲ್ವು ತಿರುಗಿಸಿದಳು. ನೀರು ಗುಟುಕರಿಸುತ್ತಾ ಪೈಪಿನೊಳಗೆ ಇಳಿದುಹೋಯಿತು. ಆಮೇಲೆ ಏನೂ ಇಲ್ಲ. ತುಂಬ ಹೊತ್ತು ಏನೂ ಇಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿದ್ದರು. ಹಳ್ಳದ ಆಚೆ, ತೊಟ್ಟಿಯ ಪಕ್ಕ, ಉದ್ದನೆಯ ಆಕೃತಿಯೊಂದು ಬಗ್ಗಿ ಪೈಪಿಗೆ ಕಿವಿಯಿಟ್ಟಿತ್ತು. ಅದರ ಪಕ್ಕದಲ್ಲಿ ಕೊಡ ಹಿಡಿದ ಗಿಡ್ಡನೆಯ ಆಕೃತಿ.

ಪೆನ್ಸಿಲ್ ರೆಪ್ಪೆ ಮಿಟುಕಿಸದೆ ಅತ್ತಲೇ ನೋಡುತ್ತಾ ನಿಂತಳು.

ಪೈಪಿನ ಬಾಯಲ್ಲಿ ನೀರು ಮಿಂಚಿತು, ಗಿಡ್ಡನೆಯ ಆಕೃತಿ ಕೊಡ ಒಡ್ಡಿತು. ಏಣಿ ನೆಟ್ಟಗೆ ಎದ್ದು ನಿಂತ. ಕೈ ಎತ್ತಿದ.