ಆರು ಅಂಕಕ್ಕೆ ಒಂದು ಎಸ್

ಫೋನು ಮತ್ತೆ ಟಿಣ್ ಅಂದಿತು. ಉಲ್ರಿಕ್ ಬಾಯಿಗಿಡಲು ಎತ್ತಿದ್ದ ರೊಟ್ಟಿ ತುಂಡನ್ನು ಹಾಗೇ ತಟ್ಟೆಗೆ ಹಾಕಿ, ಉಪ್ಪುಮೀನಿನ ಎಣ್ಣೆ ಹತ್ತಿದ ಬೆರಳನ್ನು ಬನಿಯನ್ನಿಗೆ ಒರೆಸಿಕೊಂಡು ಫೋನು ಎತ್ತಿಕೊಂಡ.

"ಎಂಥಾ ಕಡೆ ಇಟ್ಟವಳೆ ನೋಡು," ಅಂತ ತನ್ನಷ್ಟಕ್ಕೆ ನಕ್ಕ.

"ಯಾರು?" ಅಂದಳು ಯೂನಿಸ್, ಗೊತ್ತಿದ್ದೂ.

"ಆಲ್ತಿಯಾ ಕಣೇ. ಟೊಬೇಗೋದವಳು. ಹೇಳಿದ್ನಲ್ಲ."

ಹೇಳಿದ್ದ. ಹನ್ನೊಂದು ತಿಂಗಳಿಂದ ಬೇರೇನನ್ನೂ ಹೇಳಿರಲಿಲ್ಲ. ಆ ಹೆಂಗಸನ್ನು ಅವನು ಒಂದು ಸಲವೂ ನೋಡಿಲ್ಲ. ಫೋನಿನಲ್ಲೇ ಸ್ಕ್ರ್ಯಾಬಲ್, ಅಕ್ಷರ ಜೋಡಿಸಿ ಪದ ಕಟ್ಟುವ ಆಟ. ಇವನೊಂದು ಪದ ಇಡುವುದು, ಸಮುದ್ರದ ಆಚೆ ಅವಳೊಂದು ಪದ ಇಡುವುದು. ನಡುವೆ ಸಣ್ಣಸಣ್ಣ ಮೆಸೇಜು. ಆ ಮೆಸೇಜು ಓದುವಾಗ ಉಲ್ರಿಕ್‌ನ ಮುಖ ಬೆಳಗುವುದನ್ನು ಯೂನಿಸ್ ಜಗಲಿಯ ಮೇಜಿನ ಈಚೆ ಕೂತು ನೋಡುತ್ತಿದ್ದಳು.

ಮದುವೆಗೆ ಮುಂಚೆ ಆ ಮುಖ ಯೂನಿಸ್‌ಗಾಗಿ ಬೆಳಗುತ್ತಿತ್ತು. ಆಗ ಅವನು ಅರೀಮಾದಿಂದ ಪೋರ್ಟ್ ಆಫ್ ಸ್ಪೇನಿಗೆ ಮ್ಯಾಕ್ಸಿ ಟ್ಯಾಕ್ಸಿ ವ್ಯಾನು ಓಡಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತವರಿಗೆಲ್ಲ ಎದುರಿನ ಕಾರಿನ ನಂಬರ್ ಪ್ಲೇಟ್ ತೋರಿಸಿ, "ಈ ಮೂರು ಅಕ್ಷರ ಇರೋ ಪದ ಹೇಳಿ ನೋಡೋಣ" ಅನ್ನುವುದು ಅವನ ಚಟ. ಅವತ್ತು ಎದುರಿಗಿದ್ದದ್ದು ಪಿ, ಡಿ, ಆರ್. "ಪೌಡರ್" ಅಂದಿದ್ದಳು ಯೂನಿಸ್, ಅವನಿನ್ನೂ ಬಾಯಿ ಮುಚ್ಚುವುದರೊಳಗೆ. ಆಮೇಲೆ ಮೂವತ್ತು ವರ್ಷ ಪ್ರತಿ ಭಾನುವಾರ ಊಟ ಆದ ಮೇಲೆ ಜಗಲಿಯಲ್ಲಿ ಬೋರ್ಡು ಬಿಚ್ಚುತ್ತಿದ್ದರು. ಹೋದ ವರ್ಷ ಅವಳ ಕಣ್ಣಿಗೆ ಆಪರೇಷನ್ ಆಯಿತು, ಎರಡು ತಿಂಗಳು ಆಟ ನಿಂತಿತು. ಕಣ್ಣು ಸರಿಹೋಯಿತು. ಆಟ ಮತ್ತೆ ಶುರುವಾಗಲಿಲ್ಲ. ಅಷ್ಟರಲ್ಲಿ ಅವನಿಗೆ ಆಲ್ತಿಯಾ ಸಿಕ್ಕಿದ್ದಳು.

ಹೋದ ವಾರ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಉಲ್ರಿಕ್ ಎದುರಿನ ಪ್ಲೇಟಿನ ಅಕ್ಷರಗಳನ್ನು ಜೋರಾಗಿ ಓದಿದ. ಯೂನಿಸ್ ಉತ್ತರ ಹೇಳಲು ತಿರುಗಿದಳು. ಅವನು ಆಗಲೇ ಅದನ್ನು ಆಲ್ತಿಯಾಗೆ ಟೈಪು ಮಾಡುತ್ತಿದ್ದ. ಅವಳು ನುಂಗಿಕೊಂಡ ಆ ಪದ ಇನ್ನೂ ಗಂಟಲಲ್ಲೇ ಇತ್ತು.

"ಏನು ಯೂನಿಸ್, ನಿನ್ ಗಂಡ ಆ ಫೋನಿಗೆ ಮುತ್ತು ಕೊಡೋದೊಂದು ಬಾಕಿ," ಅಂದಳು ಈಗ ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಸುಮಿಂತ್ರಾ.

"ಕೊಡ್ಲಿ ಬಿಡೇ. ಚಾರ್ಜಿಗೆ ಹಾಕಿರೋವಾಗ ಕೊಟ್ರೆ ಇನ್ನೂ ಒಳ್ಳೇದು."

ಉಲ್ರಿಕ್‌ಗೆ ಯಾವುದೂ ಕೇಳಿಸಲಿಲ್ಲ. "ಏಳಕ್ಷರಾನೂ ಸೇರಿ ಒಂದೇ ಪದ ಆಗುತ್ತೆ ಡೂಡೂ," ಅಂದ. ತುಂಬಾ ಖುಷಿಯಾದಾಗ ಮಾತ್ರ ಅವನು ಹೆಂಡತಿಯನ್ನು ಮುದ್ದಿನಿಂದ ಹಾಗೆ ಕರೆಯುತ್ತಿದ್ದ. "ಒಟ್ಟಿಗೆ ಇಟ್ರೆ ಐವತ್ತು ಅಂಕ ಜಾಸ್ತಿ. ಇಡೋಕೆ ಜಾಗ ಮಾತ್ರ ಕಾಣ್ತಾ ಇಲ್ಲ. ತಲೆ ಮೇಲೆ ನೀರು ಬಿದ್ರೆ ಹೊಳೆಯುತ್ತೆ ಇರು."

ಫೋನನ್ನು ತಟ್ಟೆ ಪಕ್ಕ ಇಟ್ಟು ಸ್ನಾನಕ್ಕೆ ಹೋದ.

ಪರದೆ ಇನ್ನೂ ಆರಿರಲಿಲ್ಲ. ಎ, ಇ, ಐ, ಎನ್, ಆರ್, ಎಸ್, ಟಿ. ಒಳಗೆ ನೀರು ಸುರಿಯುವ ಸದ್ದು ಶುರುವಾಯಿತು. ಯೂನಿಸ್ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಎಸ್, ಐ, ಟಿ ಮೂರನ್ನೇ ಎಳೆದು ಸಿಕ್ಕಿದ ಜಾಗದಲ್ಲಿ ಕೂರಿಸಿದಳು. ಆರು ಅಂಕ. ಒತ್ತಿದಳು. ಸೋಲಲಿ. ಸೋತರೆ ಆ ಹೆಂಗಸಿಗೂ ಇವನ ಸಹವಾಸ ಸಾಕಾಗಲಿ.

ಒಂದು ನಿಮಿಷವೂ ಆಗಿರಲಿಲ್ಲ. ಟಿಣ್.

"ಇದು ಉಲ್ರಿಕ್ ಅಲ್ಲ," ಅಂತ ಬರೆದಿದ್ದಳು ಆಲ್ತಿಯಾ. "ಅವರ ಕುತ್ತಿಗೆ ಹಿಸುಕಿದ್ರೂ ಆರು ಅಂಕಕ್ಕೆ, ಯಾವ ಪದದ ಬಾಲಕ್ಕೂ ಅಂಟೋ ಎಸ್ ಬಿಟ್ಟುಕೊಡೋರಲ್ಲ. ಯಾರು ನೀವು?"

ಯೂನಿಸ್‌ಗೆ ಕಿವಿ ಬಿಸಿಯಾಯಿತು. ಅವನ ಜಿಪುಣತನ ಆ ಹೆಂಗಸಿಗೂ ಗೊತ್ತು. "ಹೆಂಡತಿ," ಅಂತ ಬರೆದಳು.

"ಓ. ನೀವು ಆಟ ಬಿಟ್ಟುಬಿಟ್ರಿ ಅಂದಿದ್ರು. ಕಣ್ಣು ಕಾಣಲ್ಲ, ಆಸೆನೂ ಇಲ್ಲ ಅಂತ."

ಯೂನಿಸ್ ಅದನ್ನು ಎರಡು ಸಲ ಓದಿದಳು. ಆಮೇಲೆ ಕುರ್ಚಿ ಎಳೆದು ಕೂತಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. "ಕಣ್ಣು ಚೆನ್ನಾಗಿದೆ. ಆಸೆ ಇಲ್ಲ ಅಂತ ನಾನು ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಆಡಿ. ನಿಮಗೆ ಅಂತ ನಾನೇನೂ ಬಿಟ್ಟುಕೊಡಲ್ಲ, ಮತ್ತೆ." ಜೊತೆಗೇ ಅವಳ ಪದವೂ ಬಂತು. ಮೂವತ್ತೆಂಟು ಅಂಕ.

"ಬಜಾರಿ," ಅಂದಳು ಯೂನಿಸ್, ಜೋರಾಗಿಯೇ. ಉಳಿದ ನಾಲ್ಕರ ಜೊತೆಗೆ ಹೊಸದಾಗಿ ಮೂರಕ್ಷರ ಬಂದಿದ್ದವು, ಅದರಲ್ಲೊಂದು ಎಚ್. ಅವಳ ಕಣ್ಣು ಬೋರ್ಡಿನ ಮೇಲೆಲ್ಲ ಓಡಾಡತೊಡಗಿತು.

ಉಲ್ರಿಕ್ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಓಡಿಬಂದ. "ಸಿಕ್ತು ಸಿಕ್ತು, ಕೆಳಗಡೆ ಜಾಗ ಇದೆ, ಕೊಡು ಇಲ್ಲಿ." ಬಗ್ಗಿ ನೋಡಿದವನು ಹಾಗೇ ನಿಂತ. "ಎಸ್ ಎಲ್ಲಿ?"

"ಇಟ್ಟೆ."

"ಎಲ್ಲಿಟ್ಟೆ? ಆರು ಅಂಕಕ್ಕಾ? ಯೂನಿಸ್, ಎಂಬತ್ತು ಬರ್ತಿತ್ತು ಕಣೇ. ಯಾಕೆ ಮುಟ್ಟಿದೆ?" ಮನೆಯಲ್ಲಿ ಯಾರೋ ತೀರಿಹೋದ ಹಾಗೆ ತಲೆ ಮೇಲೆ ಕೈಯಿಟ್ಟುಕೊಂಡ.

"ಆಸೆಯಾಯ್ತು," ಅಂದಳು ಅವಳು, ತಲೆಯೆತ್ತದೆ.

ಟಿಣ್. ಅವನು ಕೈ ಚಾಚಿದ. ಯೂನಿಸ್ ಫೋನು ಕೊಡಲಿಲ್ಲ. ಓದಿದಳು. ಅವಳ ತುಟಿಯಂಚು ಮೆಲ್ಲಗೆ ಅರಳಿತು.

"ಏನಂತೆ?"

"ನಂಗೆ ಬಂದಿರೋದು."

"ಅಲ್ಲ, ಏನು ಬರೆದವಳೆ ಅಂತ."

"ನಿನ್ ವಿಷಯಾನೇ. ಹೋಗು, ಬಟ್ಟೆ ಹಾಕ್ಕೋ."

ಉಲ್ರಿಕ್ ಹೋಗಲಿಲ್ಲ. ಅವಳ ಕುರ್ಚಿಯ ಹಿಂದೆ ಬಂದು ನಿಂತ. ಅವನ ಮೊಣಕೈಯಿಂದ ನೀರು ತೊಟ್ಟು ತೊಟ್ಟಾಗಿ ಜಗಲಿಯ ನೆಲಕ್ಕೆ ಬೀಳುತ್ತಿತ್ತು. ಅವಳ ಹೆಗಲ ಮೇಲಿಂದ ಕತ್ತು ಉದ್ದ ಮಾಡಿ, ತುಟಿ ಅಲ್ಲಾಡಿಸುತ್ತಾ ಅಕ್ಷರಗಳನ್ನು ಒಂದೊಂದಾಗಿ ಓದಲು ನೋಡಿದ. ಯೂನಿಸ್ ಫೋನನ್ನು ಮೆಲ್ಲಗೆ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬೆಳಕಿನ ಕಡೆಗೆ ತಿರುಗಿ ಕೂತಳು.