ದೊಡ್ಡಮ್ಮನ ಟೇಪು

ಯಾವ ಬೀದಿಯಲ್ಲಿ ಅಂಗಡಿ ಇಡಬಹುದು, ಯಾವ ಮನೆಯಲ್ಲಿ ಕಸುಬು ನಡೆಸಬಾರದು ಎಂದು ವಾದಿಸುವುದೇ ನನ್ನ ವಕೀಲಿಕೆ. ಕೊಲೆಯಿಲ್ಲ, ವಿಚ್ಛೇದನವಿಲ್ಲ, ಬರೀ ನಕ್ಷೆ ಮತ್ತು ಚದರಡಿ. "ನೀನು ಕರಿ ಕೋಟು ಹಾಕ್ಕೊಂಡಿರೋ ಮೇಸ್ತ್ರಿ ಕಣೇ" ಎಂದು ದೊಡ್ಡಮ್ಮ ಛೇಡಿಸುತ್ತಾಳೆ. ಅಮ್ಮನ ಅಕ್ಕ, ಮೂವತ್ತು ವರ್ಷದಿಂದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ.

ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಹೊಲಿಗೆ ಮಷೀನಿನ ಸದ್ದು ಆಗಿಬರಲಿಲ್ಲ. ನಗರಸಭೆಗೆ ದೂರು ಕೊಟ್ಟರು. ವಸತಿ ವಲಯದಲ್ಲಿ ಮನೆಯ ಕಾಲು ಭಾಗವನ್ನಷ್ಟೇ ಕಸುಬಿಗೆ ಬಳಸಬಹುದು, ಮೀರಿದರೆ ಕೋಣೆಗೆ ಬೀಗ. ಇದೇನು ಮಹಾ ಎಂದುಕೊಂಡು ಪರವಾನಗಿಗೆ ಅರ್ಜಿ ಬರೆದೆ. ಮನೆ ಒಂಬೈನೂರ ನಲವತ್ತು ಚದರಡಿ, ಕೋಣೆ ಇನ್ನೂರ ಇಪ್ಪತ್ತಾರು. ದೊಡ್ಡಮ್ಮ ಅಳೆದು ಫೋನಿನಲ್ಲಿ ಹೇಳಿದ್ದನ್ನೇ ಗೀಚಿಕೊಂಡಿದ್ದೆ. ಬೇರೆ ಕಕ್ಷಿದಾರರಾಗಿದ್ದರೆ ನಾನೇ ಹೋಗಿ ಅಳೆಯುತ್ತಿದ್ದೆ. ನಮ್ಮವರದ್ದೇ ಕೆಲಸ ಎಂದರೆ ಅಷ್ಟು ಅಸಡ್ಡೆ.

ವಿಚಾರಣೆಯ ದಿನ ನಗರಸಭೆ ಕಚೇರಿಯಲ್ಲಿ ಸರ್ವೇಯರ್ ಎದ್ದು ನಿಂತ. ಕೋಣೆಯನ್ನು ಮಾತ್ರ ಸ್ಟೀಲ್ ಟೇಪಿನಲ್ಲಿ ಅಳೆದಿದ್ದನಂತೆ, ಇನ್ನೂರ ನಲವತ್ತು.

"ಅರ್ಜಿ ಪ್ರಕಾರ ಮನೆಯ ಕಾಲು ಭಾಗ ಇನ್ನೂರ ಮೂವತ್ತೈದು. ಐದು ಚದರಡಿ ಜಾಸ್ತಿ ಆಯ್ತಲ್ಲ ಮೇಡಂ?" ಎಂದರು ಅಧಿಕಾರಿ.

ನಾನು ಅರ್ಜಿಯ ಹಾಳೆ ತಿರುವಿದೆ. ದೊಡ್ಡಮ್ಮ ಚೀಲದಿಂದ ತನ್ನ ಬಟ್ಟೆ ಟೇಪು ತೆಗೆದು ಮೇಜಿನ ಮೇಲಿಟ್ಟಳು. ಸರ್ವೇಯರ್ ಅದರ ಪಕ್ಕ ತನ್ನದನ್ನು ಹಾಸಿದ. ಅರವತ್ತು ಇಂಚಿನ ಟೇಪು ಎಳೆದೆಳೆದು ಎರಡಿಂಚಿನಷ್ಟು ಬೆಳೆದುಬಿಟ್ಟಿತ್ತು, ಅದಕ್ಕೇ ಅಳತೆ ಕಡಿಮೆ ತೋರಿಸಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

ದೊಡ್ಡಮ್ಮನಿಗೆ ರೇಗಿತು. "ಯಾಕ್ರೀ ನಗ್ತೀರಾ? ಇದರಲ್ಲೇ ಮೈ ಅಳೀತೀನಿ, ಇದರಲ್ಲೇ ಬಟ್ಟೆ ಕತ್ತರಿಸ್ತೀನಿ. ಇವತ್ತಿನವರೆಗೆ ಯಾರೂ ಬಿಗಿ ಅಂತ ವಾಪಸ್ ತಂದಿಲ್ಲ!"

ನನಗೆ ಹೋದ ಜೀವ ಬಂದಂತಾಯಿತು.

"ಸರ್, ಇಡೀ ಮನೆಯನ್ನೂ ಇದೇ ಟೇಪಲ್ಲಿ ಅಳೆದಿದ್ದು. ಕೋಣೆ ದೊಡ್ಡದಾದ್ರೆ ಮನೆನೂ ದೊಡ್ಡದಾಗ್ಬೇಕು. ಎರಡನ್ನೂ ಸ್ಟೀಲ್ ಟೇಪಲ್ಲೇ ಅಳೆಸಿ."

ಅಧಿಕಾರಿ ಕನ್ನಡಕ ತೆಗೆದು ಸರ್ವೇಯರ್ ಕಡೆ ನೋಡಿದರು. ಅವನು ಚೀಲ ಎತ್ತಿಕೊಂಡ.

ಮಧ್ಯಾಹ್ನ ಅಡುಗೆಮನೆಯಿಂದ ಬಚ್ಚಲಿನವರೆಗೆ ಅಳೆದದ್ದಾಯಿತು. ಒಂಬೈನೂರ ತೊಂಬತ್ತಾರು. ಕೋಣೆ ಕಾಲು ಭಾಗಕ್ಕಿಂತ ಒಂಬತ್ತು ಚದರಡಿ ಕಡಿಮೆಯೇ ಇತ್ತು. ಸಂಜೆಯೊಳಗೆ ಪರವಾನಗಿಗೆ ಸಹಿ ಬಿತ್ತು.

"ನನ್ನ ತಪ್ಪು ದೊಡ್ಡಮ್ಮ, ನಾನೇ ಬಂದು ಅಳೀಬೇಕಿತ್ತು" ಎಂದೆ. ಬೈಯುತ್ತಾಳೆಂದು ಕಾದೆ. ಬೆಳಗ್ಗೆ ಕಚೇರಿಯನ್ನೇ ನಡುಗಿಸಿದವಳು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವರಿ ತಣ್ಣಗಾಗಿತ್ತು.

"ಬೀಗ ಹಾಕಿದ್ದಿದ್ರೆ ಏನ್ ಮಾಡ್ತಿದ್ದೆನೇ? ನಂಗೆ ಬೇರೇನೂ ಬರಲ್ಲ" ಎಂದಳು.